ಹನ್ನೊಂದು ಡಬ್ಬಿ ಮಾತು

ಮೀನಾಕ್ಷಿ ತೀರಿಕೊಂಡು ವರ್ಷ ತುಂಬುವಷ್ಟರಲ್ಲಿ ಶಿವಯ್ಯನಿಗೆ ಹೆಂಡತಿಯ ದನಿ ಮರೆತುಹೋಯಿತು. ಬೇಲೂರಿನ ಮನೆತುಂಬ ಅವಳ ಫೋಟೊಗಳಿದ್ದವು. ಒಂದಕ್ಕೂ ಬಾಯಿ ಬರುತ್ತಿರಲಿಲ್ಲ. ಮದುವೆಗೆ ಮುಂಚೆ ಹಳೇಬೀಡಿನಲ್ಲಿ ಶೂಟಿಂಗ್ ಆದ ಒಂದು ಸಿನಿಮಾದಲ್ಲಿ ಅವಳು ಒಂದೇ ಒಂದು ಮಾತಾಡಿದ್ದಳು. ಅದನ್ನೊಮ್ಮೆ ಕೇಳಬೇಕೆಂಬುದಷ್ಟೇ ಅವನ ಆಸೆ.

ಸಿನಿಮಾ ಬಾಡಿಗೆಗೆ ಕೊಡುವ ಆ್ಯಪುಗಳನ್ನೆಲ್ಲ ಮಗಳು ಮಾಲಿನಿ ಜಾಲಾಡಿದಳು.

"ಯಾವ್ದ್ರಲ್ಲೂ ಇಲ್ಲ ಅಪ್ಪಾ."

"ಪ್ರಪಂಚದ್ದೆಲ್ಲಾ ಐತೆ, ನಮ್ಮೂರಿಂದು ಇಲ್ವಾ?"

ಮರುದಿನ ಶಿವಯ್ಯ ಅರಸೀಕೆರೆ ಬಸ್ಸು ಹತ್ತಿದ.

ಆ ಸಿನಿಮಾ ತೆಗೆದವನು ಅಲ್ಲಿನ ವ್ಯಾಪಾರಿ ಸಿದ್ದಬಸಪ್ಪ. ಕೊಬ್ಬರಿಯಲ್ಲಿ ಕೊಬ್ಬಿದ್ದನ್ನೆಲ್ಲ ರೀಲಿನಲ್ಲಿ ಕರಗಿಸಿ ಕಣ್ಮುಚ್ಚಿದ್ದ. ಕೊಬ್ಬರಿ ಮಂಡಿಯಲ್ಲೀಗ ಹಿರಿಮಗ ಚನ್ನೇಶ್ ಕೂತಿದ್ದ.

"ಆ್ಯಪ್‌ನೋರ್ನ ನಾನೂ ಕೇಳ್ದೆ ಕಣ್ರೀ. ಅರ್ಧ ಸಿನಿಮಾ ತಗಳಲ್ಲ ಅಂದ್ರು."

"ಅರ್ಧ ಅಂದ್ರೆ?"

"ಅಪ್ಪ ಹೋದ್ಮೇಲೆ ಪಾಲಾಯ್ತಲ್ಲ. ಹಿರೀಕರು ರೀಲಿನ ಡಬ್ಬಿ ಎಣಿಸಿದ್ರು, ಇಪ್ಪತ್ತೆರಡು. ನಂಗೆ ಹನ್ನೊಂದು, ತಮ್ಮಂಗೆ ಹನ್ನೊಂದು. ತೆಂಗಿನ ಮರ ಹಂಚ್ದಂಗೆ."

ಹಿರೀಕರ ನ್ಯಾಯದಲ್ಲಿ ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಮೂಲ ರೀಲುಗಳಲ್ಲಿ ಚಿತ್ರ ಬೇರೆ, ಧ್ವನಿ ಬೇರೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಣ್ಣನಿಗೆ ಬಾಯಿ ಬಂತು, ತಮ್ಮನಿಗೆ ಮಾತು ಬಂತು. ಎರಡೂ ಕೂಡಿದ್ದ ಪ್ರಿಂಟುಗಳು ಎಂದೋ ಗುಜರಿ ಸೇರಿದ್ದವು. ಆಮೇಲೆ ಮಾತಿಗೆ ಮಾತು ಬೆಳೆದು ಅಣ್ಣತಮ್ಮಂದಿರು ಮಾತೇ ಬಿಟ್ಟರು.

ಚನ್ನೇಶ್ ತನ್ನ ಪಾಲನ್ನು ಕಂಪ್ಯೂಟರಿನಲ್ಲಿ ತೋರಿಸಿದ. ದೇವಸ್ಥಾನದ ಮೆಟ್ಟಿಲ ಮೇಲೆ ಇಪ್ಪತ್ತರ ಮೀನಾಕ್ಷಿ ತಿರುಗಿ ನಿಂತು ತುಟಿಯಾಡಿಸಿದಳು. ಶಿವಯ್ಯ ಪರದೆಗೆ ಕಿವಿಯಿಟ್ಟ.

"ಏನಂತಾರೆ ನಿಮ್ ಮನೇರು?"

"ಮರ್ತೋಗೈತೆ. ಅದಕ್ಕೇ ಬಂದಿದ್ದು."

"ತಮ್ಮನ್ನ ಕೇಳ್ನೋಡಿ. ಅವ್ನು ಸೌಂಡ್ ಕೊಟ್ರೆ ನಾನು ಪಿಚ್ಚರ್ ಕೊಡ್ತೀನಿ. ನಾನಾಗ್ ನಾನು ಹೋಗಿ ಕೇಳಲ್ಲ."

ತಮ್ಮ ಮಧುಕುಮಾರನ ಮನೆ ಮಾಲೇಕಲ್ಲು ರಸ್ತೆಯಲ್ಲಿತ್ತು. ಮೀನಾಕ್ಷಿಯ ವಿಷಯ ಕೇಳಿದ ಮೇಲೆ ಅವನು ಏಣಿಯಿಟ್ಟು ಶಿವಯ್ಯನನ್ನು ಕೊಬ್ಬರಿ ಅಟ್ಟಕ್ಕೆ ಹತ್ತಿಸಿದ. ಮೊದಲ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹುಳಿ ನಾತ ಮೂಗಿಗೆ ಬಡಿಯಿತು. ರೀಲು ಅಂಟಿಕೊಂಡು ಬೆಲ್ಲದಚ್ಚಿನಂತೆ ಗಟ್ಟಿಯಾಗಿತ್ತು. ಹನ್ನೊಂದೂ ಹಾಗೇ.

"ಅಟ್ಟದ ಕಾವು," ಎಂದ ಮಧುಕುಮಾರ. "ಹಿಂಗಾಗಿ ಹತ್ತು ವರ್ಸ ಆಯ್ತು. ಬಂದೋರ್ಗೆಲ್ಲ ಕೊಡಲ್ಲ ಅಂತ್ಲೇ ಹೇಳಿ ಕಳಿಸ್ತೀನಿ. ಅಣ್ಣಂಗೆ ಹೇಳ್ಬ್ಯಾಡಿ ಯಜಮಾನ್ರೇ. ಇದೊಂದ್ ನೆಪಕ್ಕೆ ವರ್ಸಕ್ಕೊಬ್ಬರನ್ನಾರ ಕಳಿಸ್ತಾನೆ. ಇದೂ ಇಲ್ಲ ಅಂದ್ರೆ ನನ್ ಮನೆ ಕಡೆ ಯಾಕ್ ತಿರುಗಿ ನೋಡ್ತಾನೆ?"

ಶಿವಯ್ಯ ಡಬ್ಬಿಗಳ ಮುಚ್ಚಳಗಳನ್ನು ಒಂದೊಂದಾಗಿ ತಾನೇ ಮುಚ್ಚಿ ಕೆಳಗಿಳಿದ.

ಸಂಜೆ ಮಂಡಿಯಲ್ಲಿ ಚನ್ನೇಶ್ ಕಾಯುತ್ತಿದ್ದ.

"ಏನಂದ?"

"ಕೊಡಲ್ವಂತೆ."

"ನಂಗೊತ್ತಿತ್ತು ಬಿಡಿ. ಹೆಂಗವ್ನೆ, ಸಣ್ಣಗಾಗವ್ನಾ?"

"ಚೆನ್ನಾಗವ್ರೆ."

"ಇನ್ನೊಂದ್ಸಲ ನೋಡ್ತೀರಾ, ನಿಮ್ ಮನೇರ್ನ?"

"ಬ್ಯಾಡ. ಬೇಲೂರು ಬಸ್ ಹೊರಟ್ಬಿಡ್ತದೆ," ಎಂದು ಶಿವಯ್ಯ ಎದ್ದ.

ಬಸ್ಸಿಗಿನ್ನೂ ಮುಕ್ಕಾಲು ಗಂಟೆಯಿತ್ತು.