ರಜಬು ಮ್ಜೀಯ ಸುಣ್ಣ

ಲಾರೆನ್ಸನ ಮಗಳ ಮದುವೆ ಶನಿವಾರ ಮುಗಿಯಿತು. ಸೋಮವಾರ ಸಂಜೆ ಐದಕ್ಕೆ ಇಂಡಿಯಾಕ್ಕೆ ಮರಳುವ ನಮ್ಮ ವಿಮಾನ. ಅಂದು ಬೆಳಿಗ್ಗೆ ಎಲ್ಲಿಗಾದರೂ ಹೋಗಿ ಬರೋಣ ಎಂದು ಲಾರೆನ್ಸ್ ಕಾರು ತೆಗೆದ. ಜಿರಾಫೆ ನೋಡಬೇಕು ಎಂದಳು ನನ್ನ ಹೆಂಡತಿ ಅಂಬುಜಾ. ರೈಲ್ವೆ ಕ್ವಾರ್ಟರ್ಸಿನ ಹಿಂದಿರುವ ಹಳೆಯ ಮಸೀದಿಗೆ ಹೋಗೋಣ ಎಂದೆ ನಾನು.

"ಹನ್ನೆರಡು ವರ್ಷ ಈ ಊರಲ್ಲಿದ್ವಿ. ಒಂದಿನ ಜಿರಾಫೆ ತೋರಿಸ್ಲಿಲ್ಲ. ಈಗ ಎಂಟು ದಿನಕ್ಕೆ ಬಂದು ಮಸೀದಿ ಅಂತೀರಲ್ಲ" ಎಂದಳು.

"ಈಗ ಅದನ್ನು ತುಂಬಾ ಚಂದ ಮಾಡಿದ್ದಾರೆ ಅಕ್ಕ. ಫಾರಿನರ್ಸ್ ಎಲ್ಲ ಬರ್ತಾರೆ ನೋಡ್ಲಿಕ್ಕೆ" ಎಂದು ಲಾರೆನ್ಸ್ ನಡುವೆ ಬಾಯಿ ಹಾಕಿದ. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಅಲ್ಲಿಗೆ ಹೋಗ್ಲೇಬೇಕಾ ಮೂರ್ತಿ ಸರ್?" ಎಂದ.

ಹೋಗಲೇಬೇಕು ಎಂದೆ.

ಲಾರೆನ್ಸನೂ ನಾನೂ ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದೇ ಪೇಂಟ್ ಫ್ಯಾಕ್ಟರಿಯಲ್ಲಿ ಇದ್ದವರು. ಅವನು ಮಂಗಳೂರಿನವನು, ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ, ಇಲ್ಲೇ ಉಳಿದ. ನಾನು ನಂಜನಗೂಡಿನವನು, ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ, ೨೦೦೧ರಲ್ಲಿ ಊರಿಗೆ ಮರಳಿದೆ. ಯಾವ ಡ್ರಮ್ಮೂ ನನ್ನ ಸಹಿ ಇಲ್ಲದೆ ಗೇಟು ದಾಟುತ್ತಿರಲಿಲ್ಲ. ಆ ಸಹಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಮಸೀದಿಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟೆವು. ಅಂಬುಜಾ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕ್ಯಾಮೆರಾ ಹಾಕಿಕೊಂಡ ನಾಲ್ಕೈದು ಜನ ಬಿಳಿಯರು ಆಗಲೇ ನಿಂತಿದ್ದರು. ಮಸೀದಿ ತೋರಿಸುವವನ ಹೆಸರು ಇದ್ರಿಸ್. ಮೂವತ್ತರ ಸುಮಾರು, ಶಾಲೆಯ ಮೇಷ್ಟರು, ಮಸೀದಿ ಕಮಿಟಿಯ ಕಾರ್ಯದರ್ಶಿ. ಶಾಲೆಗೆ ಆಗಸ್ಟ್ ರಜೆಯಾದ್ದರಿಂದ ತಾನೇ ಬಂದವರಿಗೆಲ್ಲ ತೋರಿಸುತ್ತಿದ್ದೇನೆ ಎಂದ. ಕಪ್ಪು ಕೋಟು ಹಾಕಿದ್ದ.

ಒಳಗೆ ತಂಪಾಗಿತ್ತು. ರೈಲು ದಾರಿ ಹಾಕಲು ಬಂದ ಕೆಲಸಗಾರರು ರಜೆಯ ದಿನಗಳಲ್ಲಿ ಕಟ್ಟಿದ ಮಸೀದಿಯಂತೆ. ಬೂದುಗಲ್ಲು, ಗಾರೆ, ಮೇಲೆ ಸುಣ್ಣ. ತೊಲೆಗೆ ಮರ ಸಿಗದೆ ಹಳಿಯ ತುಂಡುಗಳನ್ನೇ ಹಾಕಿದ್ದರು. ಮೆಕ್ಕಾದ ದಿಕ್ಕಿನ ಗೋಡೆಯ ಗೂಡಿನ ಸುತ್ತ ಗಾರೆಯಲ್ಲೇ ತಿದ್ದಿದ ಒಂದು ಬಳ್ಳಿ, ಎಲೆ ಎಲೆಯೂ ಬೇರೆ. ಆ ಬಳ್ಳಿಯನ್ನು ನಾನು ಮೊದಲ ಸಲ ನೋಡುತ್ತಿದ್ದೆ. ೧೯೯೬ರಲ್ಲಿ ಬಂದಾಗ ಗೋಡೆಯ ಚದರ ಅಳೆಯುವುದರಲ್ಲೇ ಇದ್ದೆ.

"ಈ ಬಳ್ಳಿ ಇಷ್ಟು ವರ್ಷ ಕಾಣುತ್ತಲೇ ಇರಲಿಲ್ಲ" ಎಂದ ಇದ್ರಿಸ್, ಇಂಗ್ಲಿಷಿನಲ್ಲಿ, ಪಾಠ ಹೇಳುವ ದನಿಯಲ್ಲಿ. "ಹಿಂದೆ ಯಾವುದೋ ಪೇಂಟ್ ಕಂಪನಿಯವರು ತಮಗೆ ಬೇಡವಾದ ಪೇಂಟನ್ನು ನಮಗೆ ದಾನ ಮಾಡಿದರು. ಪ್ಲಾಸ್ಟಿಕ್ ಪೇಂಟು. ಇದು ಬೆವರುವ ಗೋಡೆ. ನಿಮ್ಮ ಮುಖಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಹೇಗಿರುತ್ತೆ, ಹಾಗಾಯಿತು. ಮುಂದಿನ ವರ್ಷವೇ ಎಲ್ ನಿನೋ ಮಳೆ. ಒಳಗಿನ ನೀರು ಹೊರಗೆ ಬರಲು ದಾರಿ ಇಲ್ಲದೆ ಪೇಂಟು ಬೊಬ್ಬೆ ಎದ್ದು ಗಾರೆಯ ಸಮೇತ ಕೆಳಗೆ ಬಿತ್ತು. ಉಳಿದ ಪೇಂಟನ್ನು ಕೆರೆದು ತೆಗೆಯುವುದಕ್ಕೇ ಎಂಟು ತಿಂಗಳು ಹಿಡಿಯಿತು."

"ಎಂಥ ಮೂರ್ಖರು!" ಎಂದಳು ಬಿಳಿಯರಲ್ಲಿ ಒಬ್ಬಾಕೆ.

ಲಾರೆನ್ಸ್ ಕಾರು ನೋಡಿ ಬರುತ್ತೇನೆ ಎಂದು ಹೊರಗೆ ಹೋದ. ಅಂಬುಜಾ ನನ್ನನ್ನು ನೋಡಲಿಲ್ಲ. ಮೇಲಿನ ಹಳಿಯ ತುಂಡುಗಳನ್ನು ಎಣಿಸುವವಳ ಹಾಗೆ ಕತ್ತೆತ್ತಿ ನಿಂತಳು.

ದಾನ ನನ್ನದೇ ಯೋಚನೆ. ಒಂದು ಹೋಟೆಲಿನವರು ಅರವತ್ತು ಡ್ರಮ್ ಬಿಳಿ ಪೇಂಟನ್ನು, ಸ್ವಲ್ಪ ನೀಲಿ ಹೊಡೆಯುತ್ತದೆ ಎಂದು ವಾಪಸ್ ಕಳಿಸಿದ್ದರು. ಡ್ರಮ್ಮುಗಳು ಅಂಗಳದಲ್ಲಿ ಬಿಸಿಲಿಗೆ ಕೂತಿದ್ದವು. ಜಾಗ ಇಲ್ಲ ಎಂದು ಲಾರೆನ್ಸ್ ದಿನಾ ನನ್ನ ಪ್ರಾಣ ತಿನ್ನುತ್ತಿದ್ದ. ಆ ಹೊತ್ತಿಗೆ ಮಸೀದಿಯವರು ಏನಾದರೂ ಸಹಾಯ ಮಾಡಿ ಎಂದು ಕೇಳಿಕೊಂಡು ಬಂದರು. ಅಂಗಳವೂ ಖಾಲಿಯಾಗುತ್ತದೆ, ಒಳ್ಳೆಯ ಕೆಲಸವೂ ಆಗುತ್ತದೆ ಎಂದುಕೊಂಡೆ. ಕೊಟ್ಟ ದಿನ ಮನಸ್ಸಿಗೆ ನಿಜವಾಗಿ ಸಂತೋಷವಾಗಿತ್ತು. ಇದನ್ನು ನೆನೆದರೇ ಈಗ ಹೆಚ್ಚು ಕಷ್ಟವಾಗುತ್ತದೆ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಕೊಡುವ ಮುಂಚೆ ಒಮ್ಮೆ ಯೋಚಿಸುತ್ತಿದ್ದೆನೋ ಏನೋ.

ಕೊಡುವ ಮುಂಚೆ ಗೋಡೆ ನೋಡಲು ಹೋದಾಗ ಹಿಂದಿನ ಅಂಗಳದಲ್ಲಿ ಒಬ್ಬ ಮುದುಕರು ಸುಣ್ಣ ಕಲಸುತ್ತಿದ್ದರು. ರಜಬು. ಹಿರಿಯರನ್ನು ಇಲ್ಲಿ ಮ್ಜೀ ಎನ್ನುತ್ತಾರೆ, ಎಲ್ಲರೂ ಅವರನ್ನು ರಜಬು ಮ್ಜೀ ಎನ್ನುತ್ತಿದ್ದರು. ಪ್ರತಿ ವರ್ಷ ಉಪವಾಸದ ತಿಂಗಳು ಬರುವ ಮುಂಚೆ ಇಡೀ ಮಸೀದಿಗೆ ಸುಣ್ಣ ಹೊಡೆಯುವುದು ಅವರ ಕೆಲಸ. ಗುಂಡಿಯಲ್ಲಿ ತಿಂಗಳುಗಟ್ಟಲೆ ನೆನೆದ ಸುಣ್ಣ ಬೆಣ್ಣೆಯ ಹಾಗಿತ್ತು. ಪಕ್ಕದ ಡಬ್ಬದಲ್ಲಿ ಪಾಪಾಸುಕಳ್ಳಿಯನ್ನು ಹೆಚ್ಚಿ ನೆನೆಹಾಕಿದ ಲೋಳೆ ನೀರು. ಇನ್ನೊಂದರಲ್ಲಿ ಕಲ್ಲುಪ್ಪು.

"ಮ್ಜೀ, ಇನ್ನು ಈ ಕಷ್ಟ ಬೇಡ. ನಮ್ಮ ಪೇಂಟು ಹತ್ತು ವರ್ಷ ಬರುತ್ತೆ" ಎಂದಿದ್ದೆ, ನನ್ನ ಅರೆಬರೆ ಸ್ವಾಹಿಲಿಯಲ್ಲಿ.

ಅವರು ಗೋಡೆಯ ಮೇಲೆ ಅಂಗೈ ಇಟ್ಟು, "ಇದು ಉಸಿರಾಡುತ್ತೆ ಬ್ವಾನಾ" ಎಂದಿದ್ದರು. ಬ್ವಾನಾ ಎಂದರೆ ಸಾಹೇಬರೇ ಎಂದು. ನಾನು ನಕ್ಕೆ. ಅವರಿಗೆ ಬೇಸರವಾಗಲಿಲ್ಲ. ಕಳ್ಳಿಯ ನೀರಿನಲ್ಲಿ ಬೆರಳದ್ದಿ ಎಳೆ ತೆಗೆದು ತೋರಿಸಿದರು. ಒಂದು ಬಕೆಟ್ ಸುಣ್ಣಕ್ಕೆ ಇದನ್ನು ಅರ್ಧ ಡಬ್ಬ ಹಾಕಿದರೆ ಬಟ್ಟೆಗೆ ಹತ್ತುವುದಿಲ್ಲ ಎಂದರು. ಆಮೇಲೆ ಉಪ್ಪನ್ನು ಅಂಗೈಗೆ ಹಾಕಿಕೊಂಡು, "ಉಪ್ಪು ಮಾತ್ರ ನೋಡಿ ಹಾಕಬೇಕು" ಎಂದು ಶುರು ಮಾಡಿದರು. ನನಗೆ ಎರಡು ಗಂಟೆಗೆ ಫ್ಯಾಕ್ಟರಿಯಲ್ಲಿ ಮೀಟಿಂಗ್ ಇತ್ತು. ಗಡಿಯಾರ ನೋಡಿ, "ಸವಾ ಸವಾ, ಮ್ಜೀ" ಎಂದು, ಅಂದರೆ ಸರಿ ಸರಿ ಎಂದು, ಹೊರಟುಬಿಟ್ಟೆ.

ನಂಜನಗೂಡಿನಲ್ಲಿ ನಮ್ಮ ಮನೆಯದೂ ಸುಣ್ಣದ ಗೋಡೆಯೇ. ಪ್ರತಿ ದೀಪಾವಳಿಗೆ ನಮ್ಮಮ್ಮ ಸೀರೆ ಎತ್ತಿ ಕಟ್ಟಿ ತಾನೇ ಹೊಡೆಯುತ್ತಿದ್ದಳು. ಗೊತ್ತಿಲ್ಲದವನು ಮಾಡಿದ ತಪ್ಪಲ್ಲ ಅದು.

ಆ ಎಲ್ ನಿನೋ ಮಳೆಗಾಲ ಕಳೆದ ಮೇಲೆ ಒಂದು ದಿನ ಕಾರಿನಿಂದಲೇ ಮಸೀದಿಯ ಗಾರೆ ಉದುರಿದ ಗೋಡೆ ಕಂಡಿತು. ಮರುದಿನದಿಂದ ನಾನು ಬೇರೆ ರಸ್ತೆಯಲ್ಲಿ ಫ್ಯಾಕ್ಟರಿಗೆ ಹೋಗತೊಡಗಿದೆ.

ಬಿಳಿಯರು ಫೋಟೋ ತೆಗೆಯುತ್ತಿದ್ದಾಗ ಇದ್ರಿಸ್ ಗೋಡೆಗೆ ಒರಗಿದ. ಈಚೆ ಬಂದಾಗ ಕಪ್ಪು ಕೋಟಿನ ಭುಜದ ಮೇಲೆ ಬಿಳಿಯ ಪಟ್ಟೆ.

"ಇದೊಂದು ತಲೆನೋವು" ಎಂದು ನಗುತ್ತಾ ಕೊಡವಿಕೊಂಡ. "ನಮಾಜಿಗೆ ಬಂದವರೆಲ್ಲ ಬಿಳಿಯಾಗಿ ಮನೆಗೆ ಹೋಗುತ್ತಾರೆ. ರಿಪೇರಿ ಮಾಡಿದವರು ಹಳೆಯ ಪದ್ಧತಿಯಂತೆ ಸುಣ್ಣವನ್ನೇ ಹೊಡೆದರು, ಆದರೆ ಹಿಡಿಯುತ್ತಿಲ್ಲ. ಇಲ್ಲಿ ರಜಬು ಅಂತ ಒಬ್ಬ ಮ್ಜೀ ಇದ್ದರು. ಅವರು ಏನೋ ಬೆರೆಸುತ್ತಿದ್ದರು. ಯಾರೂ ಕೇಳಿ ಇಟ್ಟುಕೊಳ್ಳಲಿಲ್ಲ. ೨೦೦೪ರಲ್ಲಿ ತೀರಿಕೊಂಡರು. ಇನ್ನು ಹದಿನೈದು ದಿನಕ್ಕೆ ಈ ವರ್ಷದ ರಂಜಾನ್ ಶುರು. ನಾಳೆ ಕೆಲಸದವರು ಬರುತ್ತಾರೆ, ಇದನ್ನೇ ಮತ್ತೆ ಹೊಡೆಯುತ್ತಾರೆ."

ರಜಬು ಮ್ಜೀಯನ್ನು ನೋಡಬೇಕೆಂದೇ ನಾನು ಬಂದಿದ್ದು. ಏನು ಹೇಳಬೇಕು ಎಂದು ಊರಿನಿಂದಲೇ ಸ್ವಾಹಿಲಿಯಲ್ಲಿ ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಬಾಯಲ್ಲೇ ಉಳಿಯಿತು.

"ಪಾಪಾಸುಕಳ್ಳಿಯ ನೀರು" ಎಂದೆ. "ಹೆಚ್ಚಿ, ಒಂದು ರಾತ್ರಿ ನೆನೆಹಾಕಿ, ಸೋಸಿ ಬೆರೆಸಬೇಕು. ಜೊತೆಗೆ ಕಲ್ಲುಪ್ಪು."

ಇದ್ರಿಸ್ ಕಣ್ಣರಳಿಸಿದ. "ನಿಮಗೆ ಹೇಗೆ ಗೊತ್ತು?"

"ಇಂಡಿಯಾದಲ್ಲಿ, ನಮ್ಮೂರಲ್ಲೂ ಹೀಗೇ ಮಾಡ್ತಾರೆ."

ಅವನು ಓಡಿಹೋಗಿ ಸಂದರ್ಶಕರ ಪುಸ್ತಕ ತಂದ. ದಯವಿಟ್ಟು ಬರೆದುಕೊಡಿ ಎಂದ. ಬರೆದೆ. ಉಪ್ಪು ಎಷ್ಟು ಎಂದು ಕೇಳಿದ. ನಲವತ್ತು ವರ್ಷ ಪ್ರಮಾಣ ಬರೆದೇ ಬದುಕಿದ ಕೈ ನನ್ನದು, ಜಾಗ ಖಾಲಿ ಬಿಡಲು ಬರುವುದಿಲ್ಲ. ಒಂದು ಬಕೆಟ್ ಸುಣ್ಣಕ್ಕೆ ಒಂದು ಕಿಲೋ ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಕೆ. ಶ್ರೀನಿವಾಸಮೂರ್ತಿ, ಮೈಸೂರು.

"ಅಸಾಂಟೆ ಸಾನಾ! ಇನ್ನು ಬಂದವರಿಗೆಲ್ಲ ನಿಮ್ಮ ಹೆಸರು ಹೇಳುತ್ತೇನೆ" ಎಂದು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ.

ಕಾರು ವಿಮಾನ ನಿಲ್ದಾಣವಿರುವ ಎಂಬಕಸಿಯ ಕಡೆ ಹೊರಟಿತು. ಮುಂದೊಂದು ಮಟಾಟು ವ್ಯಾನು ರಸ್ತೆಯ ಮಧ್ಯೆಯೇ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು.

"ಆ ಒಂದು ಕಿಲೋ ಯಾರು ಹೇಳಿದ್ದು ನಿಮಗೆ?" ಎಂದಳು ಅಂಬುಜಾ.

"ಅಂದಾಜು."

"ಅವತ್ತು ಪೇಂಟ್ ಕೊಟ್ರಲ್ಲ, ಅದೂ ಅಂದಾಜೇ ಅಲ್ವಾ?"

ನಾನು ಮಟಾಟುವಿನ ಕಡೆ ನೋಡಿದೆ.

"ಉಪ್ಪು ಹೆಚ್ಚಾದ್ರೆ ಗೋಡೆ ಏನಾಗುತ್ತೇರೀ?"

"ನೀರು ಎಳೆಯುತ್ತೆ. ಮತ್ತೆ ಬೊಬ್ಬೆ ಏಳುತ್ತೆ."

"ನಾಳೆ ಹೊಡೀತಾರಂತೆ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಲಾರೆನ್ಸ್ ವೇಗ ತಗ್ಗಿಸಿದ. "ತಿರುಗಿಸ್ಲಾ ಸರ್? ಟೈಮ್ ಉಂಟು. ನಾನು ಸಹ ಆ ಡ್ರಮ್ ಲೋಡ್ ಮಾಡಿಸಿದವನೇ ಅಲ್ವಾ ಮಾರಾಯ್ರೆ."

ನಾವು ಮರಳುವಾಗ ಮಧ್ಯಾಹ್ನದ ನಮಾಜು ನಡೆಯುತ್ತಿತ್ತು. ಮೆಟ್ಟಿಲ ಮೇಲೆ ಜನರ ಚಪ್ಪಲಿಗಳ ಮಧ್ಯೆ ಕುಳಿತು ಕಾದೆ. ಮುಗಿದ ಮೇಲೆ ಒಬ್ಬೊಬ್ಬರೇ ಹೊರಬಂದರು. ನಾಲ್ವರಲ್ಲಿ ಒಬ್ಬರ ಭುಜ ಬಿಳಿ. ಕೊನೆಗೆ ಇದ್ರಿಸ್ ಬಂದ.

"ಏನಾದರೂ ಮರೆತಿರಾ?"

"ಆ ಒಂದು ಕಿಲೋ ಸುಳ್ಳು" ಎಂದೆ. "ಉಪ್ಪು ಎಷ್ಟು ಅಂತ ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಕಳ್ಳಿಯ ನೀರು ಹಾಕೋದಿಲ್ಲ. ಅದನ್ನ ನೋಡಿದ್ದು ಇಲ್ಲೇ, ಹಿಂದಿನ ಅಂಗಳದಲ್ಲಿ, ರಜಬು ಮ್ಜೀ ಮಾಡುವಾಗ. ಪೇಂಟ್ ಕೊಡೋ ಮುಂಚೆ ಗೋಡೆ ಅಳೆಯೋಕೆ ಬಂದ ದಿನ. ಕೊಟ್ಟವನು ನಾನು."

ಸಿಟ್ಟಾಗುತ್ತಾನೆ ಎಂದು ಕಾದೆ. ಅವನು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತ.

"ನೀವು ಹೀಗಿರುತ್ತೀರಿ ಅಂದುಕೊಂಡಿರಲಿಲ್ಲ" ಎಂದ. "ಆ ಕಥೆ ಹೇಳಿ ಹೇಳಿ ನನ್ನ ತಲೆಯಲ್ಲಿ ಒಬ್ಬ ದಪ್ಪ ಮನುಷ್ಯ ಕೂತುಬಿಟ್ಟಿದ್ದ, ಸಿಗಾರ್ ಸೇದುವವನು."

ನಗು ಬರಲಿಲ್ಲ. "ಪೇಂಟ್ ಹೊಡೆದ ಮೇಲೆ ಅವರು ಏನು ಮಾಡಿದರು?" ಎಂದು ಕೇಳಿದೆ.

"ಕಮಿಟಿಯವರು ಇನ್ನು ಹತ್ತು ವರ್ಷ ಸುಣ್ಣ ಬೇಡ ಅಂದರು. ಯಾರು ಹಾಗೆ ಹೇಳಿದ್ದರೋ."

ಹೇಳಿದವನು ನಾನೇ.

"ಆದರೂ ಮುಂದಿನ ರಂಜಾನಿಗೆ ಮುಂಚೆ ಮ್ಜೀ ಬ್ರಷ್ ಹಿಡಿದುಕೊಂಡು ಬಂದರು. ನಾನಾಗ ಕಾಲೇಜಿನಲ್ಲಿದ್ದೆ. ಇದೇ ಮೆಟ್ಟಿಲ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿದ್ದು ಮನೆಗೆ ಹೋದರು. ಅದರ ಮುಂದಿನ ವರ್ಷವೂ ಬಂದರು. ಆಗ ಗೋಡೆಯ ಗಾರೆ ಅಲ್ಲಲ್ಲಿ ಬಿದ್ದುಹೋಗಿತ್ತು. ಸುಣ್ಣ ಹೊಡೆಯುತ್ತೇನೆ ಅಂದರು. ಉಳಿದ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲವಲ್ಲ. ಮೂರನೇ ವರ್ಷ ಬರಲಿಲ್ಲ."

"ನನ್ನನ್ನ ಬೈತಿದ್ರಾ?"

"ಇಲ್ಲ. ಆ ಬ್ವಾನಾಗೆ ಅವತ್ತು ಏನೋ ಅವಸರ ಇತ್ತು ಅಂತಿದ್ದರು. ಅಷ್ಟೇ."

ಬೈದಿದ್ದರು ಎಂದು ಹೇಳಿದ್ದರೆ ಹೊತ್ತುಕೊಂಡು ಹೋಗಲು ಸುಲಭವಾಗುತ್ತಿತ್ತು.

ಇದ್ರಿಸ್ ಪುಸ್ತಕ ತಂದ. ಒಂದು ಕಿಲೋ ಎಂಬುದನ್ನು ಹೊಡೆದುಹಾಕಿದೆ. ನನ್ನ ಸಹಿಯನ್ನೂ ಹೊಡೆದು, ರಜಬು ಎಂದು ಬರೆದೆ. ಅವರ ತಂದೆಯ ಹೆಸರು, ಊರು ಏನು ಎಂದು ಕೇಳಿದೆ. ಇದ್ರಿಸನಿಗೂ ಗೊತ್ತಿರಲಿಲ್ಲ. ಕರಾವಳಿಯ ಕಡೆಯವರು ಅಂತ ಕೇಳಿದ ನೆನಪು, ಕಮಿಟಿಯ ಹಳೆಯ ಪುಸ್ತಕದಲ್ಲೂ ಸುಣ್ಣದವನು ಎಂದೇ ಇದೆ ಎಂದ.

"ಉಪ್ಪಿಗೆ ಏನು ಮಾಡೋಣ?"

"ನಾಳೆ ಇಡೀ ಗೋಡೆಗೆ ಹಾಕಬೇಡಿ" ಎಂದೆ. ಇಷ್ಟು ಮಾತ್ರ ನನಗೆ ನಿಜವಾಗಿ ಗೊತ್ತಿದ್ದದ್ದು. "ಕೈಕಾಲು ತೊಳೆಯುವ ಜಾಗದ ಹಿಂದೆ ಒಂದು ಗೋಡೆ ಇದೆಯಲ್ಲ, ಅಲ್ಲಿ ಒಂದೊಂದು ಗಜಕ್ಕೆ ಒಂದೊಂದು ಅಳತೆ. ಒಂದು ಹಿಡಿ, ಎರಡು ಹಿಡಿ, ಮೂರು. ಒಂದು ಮಳೆಗಾಲ ಬಿಟ್ಟು ನೋಡಿ. ಯಾವುದು ಕೈಗೆ ಹತ್ತೋದಿಲ್ಲ, ಬೆವರೋದಿಲ್ಲ, ಅದನ್ನ ಬರೆದುಕೊಳ್ಳಿ. ಈ ವರ್ಷದ ಮಟ್ಟಿಗೆ ಕೋಟು ಕೊಡವಿಕೊಳ್ಳಬೇಕಾಗುತ್ತೆ."

"ಒಂದು ವರ್ಷ ಕಾಯಬೇಕು."

"ಹೌದು. ಅವತ್ತು ನಾನು ಐದು ನಿಮಿಷ ಕಾದಿದ್ದರೆ ಸಾಕಿತ್ತು."

ಅವನು ತಲೆಯಾಡಿಸಿ, "ಪೋಲೆ, ಮ್ಜೀ" ಎಂದ. ನೊಂದವರಿಗೆ ಇಲ್ಲಿಯವರು ಹೇಳುವ ಮಾತು ಅದು. ನಾನು ಹೇಳಬೇಕಾದ ಮಾತನ್ನು ಅವನೇ ನನಗೆ ಹೇಳಿದ. "ಆ ಪೇಂಟಿನ ಕಥೆ ಇನ್ನು ಹೇಳುವುದಿಲ್ಲ, ಬಿಡಿ."

"ಹೇಳಿ. ಸಿಗಾರ್ ಬಿಟ್ಟು ಉಳಿದದ್ದೆಲ್ಲ ಹೇಳಿ. ಉಪ್ಪಿನ ವಿಷಯ ಹೇಳೋಕೆ ಬಂದಾಗ ಗಡಿಯಾರ ನೋಡಿದ ಅಂತಲೂ ಸೇರಿಸಿ."

ಕಾರಿನಲ್ಲಿ ಕುಳಿತ ಮೇಲೆ ಅಂಬುಜಾ ನನ್ನ ಭುಜ ನೋಡಿದಳು. ಯಾವಾಗ ಗೋಡೆಗೆ ಒರಗಿದ್ದೆನೋ ಗೊತ್ತಿಲ್ಲ. ಕರವಸ್ತ್ರ ಒದ್ದೆ ಮಾಡಿ ಉಜ್ಜತೊಡಗಿದಳು.

"ಇರ್ಲಿ ಬಿಡೇ."

"ಪ್ಲೇನಲ್ಲಿ ಪಕ್ಕದಲ್ಲಿ ಕೂರೋಳು ನಾನು. ನನ್ನ ಸೀರೆಗೆ ಹತ್ತುತ್ತೆ" ಎಂದು ಇನ್ನಷ್ಟು ಜೋರಾಗಿ ಉಜ್ಜಿದಳು.

ಲಾರೆನ್ಸ್ ಗಡಿಯಾರ ನೋಡಿ ಗಾಡಿ ಹೊರಡಿಸಿದ. ಅಲ್ಲಿ ಬಿಟ್ಟು ಬಂದ ಪುಸ್ತಕದಲ್ಲಿ ಸುಣ್ಣದ ಮುಂದೆ ಒಂದು ಬಕೆಟ್ ಎಂದಿತ್ತು, ಕಳ್ಳಿಯ ನೀರಿನ ಮುಂದೆ ಅರ್ಧ ಡಬ್ಬ ಎಂದಿತ್ತು. ಉಪ್ಪಿನ ಮುಂದೆ ನಾನು ಹೊಡೆದುಹಾಕಿದ ಗೆರೆ, ಅದರ ಪಕ್ಕ ಖಾಲಿ ಜಾಗ.