ಮಾವನವರ ಮೂರು ರೂಪಾಯಿ ಬ್ರಷ್ಷು

ನಮ್ಮ ಮಾವ ಉಜ್ಜನಪ್ಪನವರಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಬೆಲೆ ಜಾಸ್ತಿಯಿದ್ದರೆ ಮಾಲೂ ಒಳ್ಳೆಯದು ಎಂದು ಗಿರಾಕಿಗಳನ್ನು ನಂಬಿಸಿ ನಂಬಿಸಿ, ಕೊನೆಗೆ ತಾವೇ ನಂಬಿಬಿಟ್ಟಿದ್ದರು.

ನಾನು ಮದುವೆಯಾಗಿ ಭದ್ರಾವತಿಯಿಂದ ಬರುವಾಗ ಟ್ರಂಕಿನಲ್ಲಿ ಹಲ್ಲುಜ್ಜುವ ಎಂಟಾಣೆಯ ನೈಲಾನ್ ಬ್ರಷ್ಷು ತಂದಿದ್ದೆ. ಅಲ್ಲಿ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಕಾರ್ಖಾನೆಯ ಆಸ್ಪತ್ರೆಯಲ್ಲಿ ನಮ್ಮ ಹಲ್ಲು ನೋಡುತ್ತಿದ್ದ ಡಾಕ್ಟರು, "ಬ್ರಷ್ಷಿನ ತಲೆ ಚಿಕ್ಕದಿರ್ಲಿ, ಎಳೆ ಮೆತ್ತಗಿರ್ಲಿ. ಇನ್ನೂ ಜಾಸ್ತಿ ದುಡ್ಡು ಕೊಟ್ರೆ ಅದು ಹಲ್ಲಿಗಲ್ಲ, ಜಂಬಕ್ಕೆ" ಎನ್ನುತ್ತಿದ್ದರು.

ಮಾವ ಅದನ್ನು ಬಚ್ಚಲಲ್ಲಿ ಕಂಡರು. "ಎಂಥದ್ರಲ್ಲಿ ಮಾಡಿರ್ತಾರೋ ಏನೋ! ಇದನ್ನ ಬಾಯಿಗಿಡೋಳು ಪೂಜೆಮನೆಗೆ ಕಾಲಿಡಬಾರ್ದು" ಎಂದುಬಿಟ್ಟರು. ಬ್ರಷ್ಷು ಬಿಡಲು ನಾನೂ ಒಪ್ಪಲಿಲ್ಲ. ಹೊಸ ಸೊಸೆ ಹೊಸ್ತಿಲಾಚೆ ನಿಂತು ಕೈಯೊಡ್ಡಿ ವಿಭೂತಿ ತೆಗೆದುಕೊಳ್ಳಬೇಕಾಯಿತು. ಬಂದವರೆಲ್ಲ ನೋಡುವರು. ಮೈಯೆಲ್ಲ ಉರಿಯುತ್ತಿತ್ತು.

ಹಾಗಂತ ಬೀಗರ ಮನೆಯವರಿಗಿಂತ ಹಿಂದೆ ಬೀಳಲಾದೀತೇ? ಮಾವ ಬೇವಿನ ಕಡ್ಡಿ ಬಿಟ್ಟು, ಮೂರು ರೂಪಾಯಿ ಸುರಿದು, ಮರದ ಹಿಡಿಯ ವಿಲಾಯಿತಿ ಬ್ರಷ್ಷು ತಂದರು. "ನೈಲಾನಲ್ಲ ಮಾರಾಯ್ತಿ, ಅಸಲಿ ಕೂದಲು!" ಎಂದು ಅತ್ತೆಗೆ ತೋರಿಸಿ, ಅದು ಬಂದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕೂದಲೋ, ತೆಂಗಿನ ಪೊರಕೆಯೋ! ದಿನಾ ಒಸಡಿನಿಂದ ರಕ್ತ. ಕೆಂಪಗೆ ಉಗುಳುತ್ತಲೇ, "ಹಲ್ಲು ಗಟ್ಟಿಯಾಗ್ತಿದೆ" ಎನ್ನುವರು. ಆಮೇಲೆ ಅದೇ ಬಾಯಿಂದ ಬೀದಿಗೆ ಕೇಳುವಂತೆ ಮಂತ್ರ. ಹೀಗೇ ಒಂದು ತಿಂಗಳಾಯಿತು.

ಒಂದು ಸೋಮವಾರ ಪೂಜೆ ಮುಗಿಸಿ, ಬಜಾರಿನ ಗೆಳೆಯರ ಮುಂದೆ ಡಬ್ಬಿ ತೆಗೆದರು. ಅದರ ಮೇಲಿದ್ದುದೆಲ್ಲ ಇಂಗ್ಲಿಷು, ಅವರಿಗೆ ಬಾರದು. "ನಮ್ಮ ಸೊಸೆ ಎಸ್ಸೆಸ್ಸೆಲ್ಸಿ. ಓದಮ್ಮ, ಎಲ್ರೂ ಕೇಳ್ಲಿ" ಎಂದರು.

ಓದಿದೆ. ಎರಡನೇ ಸಲವೂ ಓದಿದೆ. ಸುಮ್ಮನಿರಬಹುದಿತ್ತು, ಆದರೆ ಮನಸ್ಸಾಗಲಿಲ್ಲ.

"ಅಪ್ಪಟ ಹಂದಿ ಕೂದಲು ಅಂತ ಬರ್ದಿದೆ, ಮಾವ."

ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆ ನಮ್ಮದು. ಗೆಳೆಯರಿಗೆಲ್ಲ ಒಟ್ಟಿಗೇ ಅಂಗಡಿಯ ನೆನಪಾಯಿತು. ಮಾವ ಬಾವಿಕಟ್ಟೆಗೆ ಓಡಿ, ಬೂದಿ ಹಾಕಿ ಬಾಯಿ ತಿಕ್ಕಿ ತಿಕ್ಕಿ ತೊಳೆದರು. ತಿರುಗಿ ಬಂದವರು, "ಇಂಗ್ಲಿಷ್ ಓದಿದ ಹುಡುಗಿ ತಂದಿದ್ದೇ ನನ್ ತಪ್ಪು!" ಎಂದು ಗುಡುಗಿದರು.

ಅತ್ತೆ ವೀರಮ್ಮ ಎದ್ದು ನನ್ನ ಕೈ ಹಿಡಿದು ಪೂಜೆಮನೆಯೊಳಕ್ಕೆ ಕರೆದುಕೊಂಡರು.

"ಬಾರೇ ದಾಕ್ಷಾಯಣಿ. ಹಂದಿ ಕೂದಲಲ್ಲಿ ಉಜ್ಜಿದ ಬಾಯಿಂದ ಒಂದು ತಿಂಗಳು ಮಂತ್ರ ಕೇಳಿಸ್ಕೊಂಡೋನು ಶಿವ. ನಿನ್ನ ಎಂಟಾಣೆ ಬ್ರಷ್ಷಿಗೆ ಏನಂದಾನು?"