ಎರಡನೇ ಮಹಡಿಯ ಖಾಲಿ ಚೌಕಗಳು

ವೃದ್ಧರ ಆರೈಕೆ ಕೇಂದ್ರವನ್ನು ಪರೀಕ್ಷೆ ಮಾಡಲು ಹೋದಾಗ ನಾನು ಮೊದಲು ನೋಡುವುದು ಹಿಮ್ಮಡಿ. ಬೇರೆಯವರು ಬಾಗಿಲಲ್ಲಿಟ್ಟ ಹೂಕುಂಡ, ನೆಲದ ಹೊಳಪು, ಗೋಡೆಯ ಮೇಲಿನ ಪ್ರಮಾಣಪತ್ರ ನೋಡುತ್ತಾರೆ. ಅವನ್ನೆಲ್ಲ ನಾವು ಬರುವ ಹಿಂದಿನ ದಿನ ಒರೆಸಿ ಇಟ್ಟಿರುತ್ತಾರೆ. ಹಿಮ್ಮಡಿಯನ್ನು ಹಾಗೆ ಒರೆಸಿ ಸರಿಮಾಡಲು ಆಗುವುದಿಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ತುದಿ ಇಷ್ಟೂ ಕೆಂಪಾಗುತ್ತವೆ. ಬೆರಳಿಟ್ಟು ಒತ್ತಿದರೂ ಆ ಕೆಂಪು ಬೆಳ್ಳಗಾಗಲಿಲ್ಲವೆಂದರೆ ಒಳಗೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಇದನ್ನು ನನಗೆ ಯಾವ ತರಬೇತಿಯೂ ಹೇಳಿಕೊಟ್ಟಿದ್ದಲ್ಲ. ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ನನ್ನ ಬೆನ್ನೇ ಕೈಕೊಟ್ಟ ಮೇಲೆ ಇಂಥ ಕೇಂದ್ರಗಳ ತಪಾಸಣೆ ನೋಡಿಕೊಳ್ಳುವ ಕಚೇರಿಯವರು ಕರೆದು, ಒಂದು ನಮೂನೆ ಕೈಗಿತ್ತು, ಹೋಗಿ ಅಂಕ ಹಾಕಿಕೊಂಡು ಬಾ ಎಂದರು.

ನಮೂನೆಯಲ್ಲಿ ನಲವತ್ತೆರಡು ಪ್ರಶ್ನೆ. ಹೌದು ಎಂದರೆ ಅಂಕ, ಇಲ್ಲ ಎಂದರೆ ಸೊನ್ನೆ. ಕೊನೆಯ ಪುಟದಲ್ಲಿ ‘ವಿಶೇಷ ಅಭಿಪ್ರಾಯ’ ಎಂದು ನಾಲ್ಕು ಗೆರೆಯಷ್ಟು ಜಾಗ. ಎಲ್ಲರೂ ಅದನ್ನು ಖಾಲಿ ಬಿಡುತ್ತಾರೆ. ನಾನು ಬಿಡುತ್ತಿರಲಿಲ್ಲ.

ನಾನು ಹೇಳಹೊರಟಿರುವ ಕೇಂದ್ರಕ್ಕೆ ಮೊದಲ ಸಲ ಹೋದಾಗ ಮಧ್ಯಾಹ್ನ ಮೂರೂಕಾಲು. ಮ್ಯಾನೇಜರ್ ನಗುತ್ತಲೇ ಮಾತಾಡುವ ಮನುಷ್ಯ, ಬಾಗಿಲುಗಳನ್ನು ನನಗಿಂತ ಮುಂಚೆ ಓಡಿಹೋಗಿ ತೆರೆಯುತ್ತಿದ್ದ. ಪ್ರತಿ ಮಂಚದ ಕಾಲ ಬಳಿಯೂ ಒಂದು ರಟ್ಟು ತೂಗುಹಾಕಿತ್ತು. ಅದರಲ್ಲಿ ಪಾಳಿಗೊಂದು ಸಾಲು, ಸಾಲಿನಲ್ಲಿ ಎರಡೆರಡು ಗಂಟೆಗೆ ಒಂದು ಚೌಕ. ಮಗ್ಗುಲು ಬದಲಿಸಿದಾಗಲೆಲ್ಲ ಆಯಾ ಅದರಲ್ಲಿ ಗುರುತು ಹಾಕಬೇಕು. ಮೊದಲ ಮಹಡಿಯಲ್ಲಿ ಬೆಳಗಿನ ಪಾಳಿಯ ಒಂದು ಚೌಕವೂ ಖಾಲಿ ಇರಲಿಲ್ಲ. ಎಲ್ಲ ಗುರುತುಗಳೂ ಒಂದೇ ಪೆನ್ನಿನವು, ಒಂದೇ ಓರೆಯವು. ನಾಲ್ಕು ಗಂಟೆಯ ಚೌಕದಲ್ಲೂ ಗುರುತು ಬಿದ್ದಾಗಿತ್ತು.

"ನಿಮ್ಮ ಗಡಿಯಾರ ನನ್ನದಕ್ಕಿಂತ ಮುಂದಿದೆ," ಎಂದೆ.

ಮ್ಯಾನೇಜರ್ ನಕ್ಕ. "ನಮ್ಮ ಹುಡುಗಿಯರು ಚುರುಕು, ಮೇಡಂ."

ಎರಡನೇ ಮಹಡಿಗೆ ಹತ್ತುವಾಗ ಅವನ ನಗು ಒಂದು ಮೆಟ್ಟಿಲು ಹಿಂದೆ ಉಳಿಯಿತು. ಅಲ್ಲಿ ಹಾಸಿಗೆ ಹಿಡಿದವರು ಇಪ್ಪತ್ತೆರಡು ಮಂದಿ, ಆಯಾಗಳು ಇಬ್ಬರು. ಕಿಟಕಿ ಪಕ್ಕದ ಮಂಚದ ರಟ್ಟನ್ನು ಕೈಗೆತ್ತಿಕೊಂಡೆ. ಎಂಟಕ್ಕೆ ಗುರುತಿದೆ, ಹತ್ತಕ್ಕಿದೆ. ಹನ್ನೆರಡು ಖಾಲಿ. ಎರಡಕ್ಕಿದೆ. ಹಿಂದಿನ ದಿನದ್ದರಲ್ಲಿ ಸಾಲಾಗಿ ಎರಡು ಖಾಲಿ, ಪಕ್ಕದಲ್ಲಿ ಪುಟ್ಟದಾಗಿ ‘ಆಗಲಿಲ್ಲ’ ಎಂದು ಬರೆದಿತ್ತು.

"ಇದು ಯಾರು ಬರೆದದ್ದು?"

"ನಾನೇ," ಎಂದು ಒಬ್ಬಳು ಮುಂದೆ ಬಂದಳು. ನಲವತ್ತರ ಹತ್ತಿರದವಳು, ಮೊಣಕೈವರೆಗೆ ತೋಳು ಮಡಚಿದ್ದಳು. "ನಿನ್ನೆ ಜೊತೆಯವಳು ಬರಲಿಲ್ಲ. ಊಟದ ಹೊತ್ತು ಬೇರೆ. ಒಬ್ಬಳೇ ಇಪ್ಪತ್ತೆರಡು ಬಾಯಿಗೆ ತುತ್ತು ಇಡಲಾ, ಇಪ್ಪತ್ತೆರಡು ಜನರನ್ನ ಹೊರಳಿಸಲಾ? ಆಗಲಿಲ್ಲ. ಅದಕ್ಕೆ ಆಗಲಿಲ್ಲ ಅಂತ ಬರೆದೆ."

"ಗುರುತು ಹಾಕಿಬಿಟ್ಟಿದ್ರೆ ಯಾರು ಕೇಳ್ತಿದ್ರು?"

ನಾನು ಏನೋ ತಿಳಿಯದವಳಂತೆ ಮಾತಾಡುತ್ತಿದ್ದೇನೆ ಎಂಬಂತೆ ನೋಡಿದಳು. "ಅಕ್ಕಾ, ಸಂಜೆ ಪಾಳಿಯವಳು ಬಂದು ಈ ರಟ್ಟು ನೋಡ್ತಾಳೆ. ಖಾಲಿ ಇದ್ರೆ ಈ ಅಜ್ಜ ಹತ್ತು ಗಂಟೆಯಿಂದ ಒಂದೇ ಮಗ್ಗುಲಲ್ಲಿದಾರೆ ಅಂತ ತಿಳಿಯುತ್ತೆ, ಮೊದಲು ಇವರ ಹತ್ರ ಬರ್ತಾಳೆ. ನಾನು ಸುಳ್ಳು ಗುರುತು ಹಾಕಿದ್ರೆ ಕೊನೆಗೆ ಬರ್ತಾಳೆ. ಅಷ್ಟರಲ್ಲಿ ಚರ್ಮ ಹೋಗಿರುತ್ತೆ."

ಮಂಚದ ಮೇಲಿದ್ದ ಅಜ್ಜ ಹಿಂದೆ ದರ್ಜಿಯಾಗಿದ್ದವರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಬಾಯಿ ಮಾತ್ರ ನೆಟ್ಟಗಿತ್ತು. "ಇವಳಿಗೆ ನಾವಿಟ್ಟ ಹೆಸರು ಗಡಿಯಾರ," ಎಂದರು. "ನಿದ್ದೆ ಹತ್ತೋ ಹೊತ್ತಿಗೆ ಸರಿಯಾಗಿ ಬಂದು ಹೊಡೀತಾಳೆ. ಏ ಗಡಿಯಾರ, ಈ ಕಡೆ ಇಸ್ತ್ರಿ ಆಯ್ತು. ಆ ಕಡೆ ತಿರುಗಿಸು."

"ಕಾಲರ್ ಇನ್ನೂ ಸುಕ್ಕಿದೆ, ಸುಮ್ನೆ ಮಲಗಿ," ಎಂದು ಅವಳು ಅವರ ಕುತ್ತಿಗೆಯ ಕೆಳಗೆ ಕೈ ಕೊಟ್ಟಳು.

ಹಿಮ್ಮಡಿ ನೋಡಿದೆ. ಸೊಂಟ ನೋಡಿದೆ. ಹಾಸಿಗೆ ಹಿಡಿದು ಮೂರು ವರ್ಷವಾದ ಮೈಯಲ್ಲಿ ಒಂದು ಕಲೆಯೂ ಇರಲಿಲ್ಲ. ಮೊದಲ ಮಹಡಿಯಲ್ಲಿ ನಾನು ನೋಡಿದ ಆರು ಜನರಲ್ಲಿ ಇಬ್ಬರ ಹಿಮ್ಮಡಿ ಒತ್ತಿದರೂ ಬೆಳ್ಳಗಾಗಿರಲಿಲ್ಲ.

ಆದರೆ ನಮೂನೆ ಕೇಳುವುದು ಅದನ್ನಲ್ಲ. ಹತ್ತೊಂಬತ್ತನೇ ಪ್ರಶ್ನೆ: ಮಗ್ಗುಲು ಬದಲಿಸಿದ ದಾಖಲೆ ಪೂರ್ಣವಾಗಿದೆಯೇ? ಮೊದಲ ಮಹಡಿಗೆ ಹೌದು. ಎರಡನೆಯದಕ್ಕೆ ಇಲ್ಲ. ಮನಸ್ಸಿಲ್ಲದಿದ್ದರೂ ಹಾಗೇ ಹಾಕಿದೆ. ಆಮೇಲೆ ನಾಲ್ಕು ಗೆರೆಗಳಲ್ಲಿ ಬರೆದೆ: "ಎರಡನೇ ಮಹಡಿಯ ಬೆಳಗಿನ ಪಾಳಿಯ ಆಯಾ ಆಗದ ಕೆಲಸವನ್ನು ಆಗಲಿಲ್ಲ ಎಂದೇ ಬರೆಯುತ್ತಾಳೆ. ಈ ಕೇಂದ್ರದಲ್ಲಿ ನಂಬಬಹುದಾದ ದಾಖಲೆ ಅವಳದ್ದೊಂದೇ." ವರದಿಯ ಒಂದು ಪ್ರತಿ ಕೇಂದ್ರಕ್ಕೂ ಹೋಗುತ್ತದೆಂದು ಗೊತ್ತಿತ್ತು. ಮ್ಯಾನೇಜರ್ ಓದಲಿ, ಅವಳ ಬೆನ್ನು ತಟ್ಟಲಿ ಎಂದೇ ಬರೆದದ್ದು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಬೆನ್ನು ನೋಯಲಿಲ್ಲ. ಅಷ್ಟು ಬೀಗಿದ್ದೆ.

ಏಳು ತಿಂಗಳ ಮೇಲೆ ಮತ್ತೆ ಅಲ್ಲಿಗೆ ಹೋದೆ. ಎರಡನೇ ಮಹಡಿಯಲ್ಲಿ ಒಂದು ಚೌಕವೂ ಖಾಲಿ ಇರಲಿಲ್ಲ. ಗುರುತುಗಳು ಮುತ್ತು ಪೋಣಿಸಿದಂತೆ ಇದ್ದವು.

"ಆ ಆಯಾ ಎಲ್ಲಿ?"

"ಯಾರು, ಆ ಆಗಲಿಲ್ಲಮ್ಮನಾ?" ಮ್ಯಾನೇಜರ್ ಫೈಲು ತೆರೆದು ನನ್ನ ವರದಿಯನ್ನು ನನ್ನ ಮುಂದೆಯೇ ಹಿಡಿದ. ನಾನು ಬರೆದ ಎರಡು ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿತ್ತು. "ನಿಮ್ಮ ವರದಿ ಪ್ರಕಾರವೇ ಕ್ರಮ ತಗೊಂಡ್ವಿ, ಮೇಡಂ. ಕೆಲಸ ಆಗಿಲ್ಲ ಅಂತ ಅವಳೇ ಬರೆದಿದಾಳೆ, ಅದು ನಿಜ ಅಂತ ನೀವೇ ಸಹಿ ಮಾಡಿದೀರ. ನೀವು ಬೆರಳಿಟ್ಟು ತೋರಿಸಿದ ಮೇಲೆ ನಾವು ಕಣ್ಣು ಮುಚ್ಕೊಂಡು ಕೂರೋಕಾಗುತ್ತಾ?"

"ನಾನು ಹೊಗಳಿ ಬರೆದದ್ದು."

"ನಾವೂ ಹೊಗಳಿಯೇ ಕಳಿಸಿದ್ವಿ," ಎಂದ. ಬಾಗಿಲು ತೆರೆಯಲು ಈ ಸಲ ಅವನು ಏಳಲಿಲ್ಲ.

ದರ್ಜಿ ಅಜ್ಜ ಅದೇ ಕಿಟಕಿಯ ಪಕ್ಕದಲ್ಲಿದ್ದರು. ಮುಖ ಸೋತಿತ್ತು. ಹೊದಿಕೆ ಸರಿಸುವ ಮೊದಲೇ ವಾಸನೆ ಬಂತು. ಸೊಂಟದ ಮೂಳೆಯ ಮೇಲೆ ಅಂಗೈಯಗಲದ ಬಿಳಿ ಪಟ್ಟಿ, ಅಂಚಿನಲ್ಲಿ ಹಳದಿ. ರಟ್ಟಿನ ಪ್ರಕಾರ ಅವರನ್ನು ಆ ತಿಂಗಳಲ್ಲಿ ಒಂದು ಸಲವೂ ತಪ್ಪದೆ ಹೊರಳಿಸಿದ್ದರು.

"ಈಗೆಲ್ಲ ಒಂದೇ ಕಡೆ ಇಸ್ತ್ರಿ, ತಾಯಿ," ಎಂದರು. "ಬಟ್ಟೆ ಸುಟ್ಟು ತೂತು ಬಿತ್ತು. ತೇಪೆ ಹಾಕಿದಾರೆ. ಈ ತೇಪೆ ನಿಲ್ಲಲ್ಲ. ನಾನು ದರ್ಜಿ, ನನಗೆ ಗೊತ್ತಾಗಲ್ವಾ?" ಬಾಗಿಲ ಕಡೆ ನೋಡಿ, "ಗಡಿಯಾರ ಎಲ್ಲಿದಾಳೆ? ನೀವು ಕರ್ಕೊಂಡು ಹೋದ್ರಂತೆ?" ಎಂದರು.

ಅವರ ಹೊದಿಕೆಯನ್ನು ಮತ್ತೆ ಎಳೆದು ಮುಚ್ಚಿದೆ.

ನಮೂನೆ ತೆಗೆದೆ. ಹುಣ್ಣನ್ನು ದಾಖಲಿಸಲಾಗಿದೆಯೇ? ಹೌದು. ಪಟ್ಟಿ ಕಟ್ಟಲಾಗಿದೆಯೇ? ಹೌದು. ಮಗ್ಗುಲು ಬದಲಿಸಿದ ದಾಖಲೆ ಪೂರ್ಣವಾಗಿದೆಯೇ? ಹೌದು. ಹೋದ ಸಲಕ್ಕಿಂತ ಐದು ಅಂಕ ಹೆಚ್ಚು ಬಂತು. ಕಚೇರಿಗೆ ಹೋಗಿ ನಮ್ಮ ಸಾಹೇಬರ ಮುಂದೆ ನಿಂತು, ಆ ರಟ್ಟುಗಳೆಲ್ಲ ಸುಳ್ಳು ಎಂದೆ.

"ಸುಳ್ಳು ಅಂತ ಯಾವುದರಲ್ಲಿ ಬರೆದಿದೆ?" ಎಂದು ಕೇಳಿದರು.

"ಅಜ್ಜನ ಮೈಮೇಲೆ ಬರೆದಿದೆ, ಸಾರ್."

"ವಯಸ್ಸಾದವರಿಗೆ ಹುಣ್ಣು ಆಗುತ್ತೆ, ಅಮ್ಮ. ಖಾಲಿ ಚೌಕ ಇದ್ರೆ ತಂದು ತೋರಿಸಿ, ನೋಟಿಸ್ ಕೊಡೋಣ." ಕೆಟ್ಟ ಮನುಷ್ಯರಲ್ಲ ಅವರು. ನನ್ನ ಬೆನ್ನುನೋವಿಗೆ ಎತ್ತರದ ಕುರ್ಚಿ ತರಿಸಿಕೊಟ್ಟವರು ಅವರೇ. ಅಜ್ಜ ಇನ್ನೊಂದು ತಿಂಗಳೂ ಬದುಕಲಿಲ್ಲ.

ಅವಳನ್ನು ನಾನು ಮತ್ತೆ ಕಂಡದ್ದು ಊರಿನ ಇನ್ನೊಂದು ತುದಿಯಲ್ಲಿ, ಬೇರೆ ಕೇಂದ್ರದಲ್ಲಿ, ನಮೂನೆ ಹಿಡಿದು ಹೋದಾಗಲೇ. ಉದ್ದನೆಯ ಕೋಣೆ, ಹದಿನೆಂಟು ಮಂಚ. ತೋಳು ಮಡಚಿದ ರೀತಿ ನೋಡಿಯೇ ಗುರುತು ಹಿಡಿದೆ. ಅವಳೂ ನನ್ನನ್ನು ಕಂಡಳು, ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನೆಟ್ಟಗೆ ನಿಂತಳು. ನನ್ನ ಕೈ ತಾನಾಗಿ ಹತ್ತಿರದ ರಟ್ಟಿಗೆ ಹೋಯಿತು. ಎಲ್ಲ ಚೌಕಗಳೂ ತುಂಬಿದ್ದವು. ಗೋಡೆಯ ಗಡಿಯಾರದಲ್ಲಿ ಮೂರೂಕಾಲು, ರಟ್ಟಿನಲ್ಲಿ ನಾಲ್ಕು ಗಂಟೆಯೂ ಆಗಿತ್ತು.

"ನೀನೂ?" ಎಂದೆ. ಹಾಗೆ ಕೇಳಬಾರದಿತ್ತು.

"ನಾನೂ ಅಕ್ಕ." ದನಿ ತಗ್ಗಿಸಿದಳು. "ಅಲ್ಲಿ ಬಿಡಿಸಿದ ದಿನ ನಿಮ್ಮ ಬರಹ ಓದಿ ತೋರಿಸಿದ್ರು. ಚೆನ್ನಾಗಿತ್ತು. ನನ್ನ ಬಗ್ಗೆ ಅಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ಕೆಲಸ ಬಿಡಿಸಿದ ಪತ್ರದ ಜೊತೆ ಅದನ್ನೂ ಸೇರಿಸಿ ಕೊಟ್ಟಿದ್ರು, ಅದೇ ಕಾಗದ ನೋಡಿ ಮೂರು ಕಡೆ ಬೇಡ ಅಂದ್ರು. ಐದು ತಿಂಗಳು ಮನೇಲಿದ್ದೆ. ಅಮ್ಮನೂ ಹಾಸಿಗೆ ಹಿಡಿದಿದಾಳೆ, ಅವಳನ್ನ ಹೊರಳಿಸ್ತಾ ಕೂತಿದ್ದೆ. ಅಲ್ಲಿ ರಟ್ಟು ಇರಲಿಲ್ಲ, ಅದೊಂದು ಪುಣ್ಯ."

"ಇಲ್ಲಿ ಸಂಜೆ ಪಾಳಿಯವಳಿಗೆ ಹೇಗೆ ತಿಳಿಯುತ್ತೆ, ಯಾರನ್ನ ಮೊದಲು ನೋಡಬೇಕು ಅಂತ?"

"ತಿಳಿಯಲ್ಲ. ಸಿಕ್ಕಿದ್ರೆ ಬಾಯಲ್ಲಿ ಹೇಳ್ತೀನಿ. ಅವಳು ಬರೋ ಹೊತ್ತಿಗೆ ನನ್ನ ಬಸ್ಸು ಹೊರಟಿರುತ್ತೆ." ನಂತರ ನನ್ನ ಕೈಯಲ್ಲಿದ್ದ ನಮೂನೆಯ ಕೊನೆಯ ಪುಟ ನೋಡಿದಳು. ಎಲ್ಲಿ ಏನಿರುತ್ತದೆಂದು ಅವಳಿಗೆ ಗೊತ್ತಿತ್ತು. "ಈ ಸಲ ನನ್ನ ಬಗ್ಗೆ ಏನು ಬರೀತೀರ?"

ದರ್ಜಿ ಅಜ್ಜನ ಸುದ್ದಿ ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ನಾನು ಪೆನ್ನು ತೆಗೆದು, ಆ ನಾಲ್ಕು ಗೆರೆಗಳ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದೆ.

"ಏನೂ ಇಲ್ಲ."

"ಉಪಕಾರ ಆಯ್ತಕ್ಕ," ಎಂದಳು. ಕುಹಕವಿರಲಿಲ್ಲ ಅದರಲ್ಲಿ, ಮನಸ್ಸಿನಿಂದಲೇ ಹೇಳಿದಳು. ಅದು ಇನ್ನೂ ಚುಚ್ಚಿತು.

ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಸಣ್ಣಗೆ ನರಳುತ್ತಿದ್ದರು. ಹೊದಿಕೆ ಎತ್ತಿ ಹಿಮ್ಮಡಿ ಒತ್ತಿದೆ. ಕೆಂಪು ಹೋಗಿ, ತಡವಾಗಿಯಾದರೂ ಬಿಳುಪು ಬಂತು. ಇನ್ನೂ ಹೊತ್ತು ಮೀರಿರಲಿಲ್ಲ.

"ಯಾವಾಗಿನಿಂದ ಹೀಗೇ ಮಲಗಿದಾರೆ?"

"ಹತ್ತರಿಂದ."

"ಆ ಕಡೆ ಹಿಡಿ."

"ನಿಮ್ಮ ಬೆನ್ನು, ಅಕ್ಕ."

"ಹಿಡಿಯೇ."

ಅವಳು ಭುಜಕ್ಕೆ ಕೈ ಕೊಟ್ಟಳು, ನಾನು ಸೊಂಟಕ್ಕೆ. ಒಂದು, ಎರಡು ಎಂದು ಇಬ್ಬರೂ ಒಟ್ಟಿಗೆ ಎಣಿಸಿ ಅಜ್ಜಿಯನ್ನು ಎಡ ಮಗ್ಗುಲಿಗೆ ತಿರುಗಿಸಿದೆವು. ಬೆನ್ನಿಗೆ ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಅಜ್ಜಿ ಉದ್ದಕ್ಕೆ ಉಸಿರು ಬಿಟ್ಟರು. ಇಪ್ಪತ್ತಾರು ವರ್ಷದ ಅಭ್ಯಾಸ, ಕೈ ತಾನಾಗಿಯೇ ಪೆನ್ನು ಹಿಡಿದು ರಟ್ಟಿನ ಕಡೆ ಹೋಯಿತು. ಮೂರೂಕಾಲಿಗೆ ಹೊರಳಿಸಿದ್ದನ್ನು ಬರೆಯೋಣವೆಂದು ಅವಳ ಪಾಳಿಯ ಸಾಲಿನಲ್ಲಿ ಜಾಗ ಹುಡುಕಿದೆ.

ಒಂದು ಚೌಕವೂ ಖಾಲಿ ಇರಲಿಲ್ಲ.